ಅಂಜಿದ ಮುಖವನ್ನು ಓದಿದ ವಿಜ್ಞಾನಿ: ಚಾರ್ಲ್ಸ್ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಜೀವವಿಕಾಸ ವಾದ, ಗಲಪಾಗಸ್ ದ್ವೀಪಗಳು, ಉದ್ದ ಬಿಳಿ ಗಡ್ಡದ ಒಂದು ಚಿತ್ರ ಮತ್ತು ಪರೀಕ್ಷೆಗೆ ಬರಬಹುದಾದ ಒಂದು ಪ್ರಶ್ನೆ. ಅದೇ ಡಾರ್ವಿನ್ ಮೂವತ್ತಕ್ಕೂ ಹೆಚ್ಚು ವರ್ಷ ಮತ್ತೊಂದು ವಿಷಯದ ಬೆನ್ನು ಹತ್ತಿದ್ದರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದು ಮನುಷ್ಯನ ಮುಖ. ನಗು, ಅಳು, ಸಿಟ್ಟು, ನಾಚಿಕೆ, ಎಲ್ಲಕ್ಕಿಂತ ಮುಖ್ಯವಾಗಿ ಭಯ, ಇವು ಮುಖದ ಮೇಲೆ ಹೇಗೆ ಮೂಡುತ್ತವೆ, ಏಕೆ ಮೂಡುತ್ತವೆ, ಎದುರಿಗಿರುವವರು ಅವನ್ನು ಹೇಗೆ ಗುರುತಿಸುತ್ತಾರೆ ಎಂದು ಅವರು ಕೇಳಿಕೊಂಡರು. ಭಯಗೊಂಡ ಮುಖವನ್ನು ಕಂಡಾಗ ನಮ್ಮ ಮಿದುಳಿನಲ್ಲಿ ಏನಾಗುತ್ತದೆ ಎಂದು ಇಂದಿನ ವಿಜ್ಞಾನಿಗಳು ಯಂತ್ರಗಳ ನೆರವಿನಿಂದ ಹುಡುಕುತ್ತಿದ್ದಾರೆ. ಆ ಹುಡುಕಾಟದ ಮೊದಲ ಹೆಜ್ಜೆಗಳಲ್ಲಿ ಡಾರ್ವಿನ್ ಅವರ ಹೆಜ್ಜೆ ದೊಡ್ಡದು. ಕಲಿಯುವ ಮಕ್ಕಳಿಗೂ ಕಲಿಸುವ ನಮಗೂ ಅವರ ಬದುಕಿನ ಈ ಭಾಗ ತಿಳಿದಿರುವುದು ಒಳ್ಳೆಯದು.

ದಡ್ಡನೆನಿಸಿಕೊಂಡ ಹುಡುಗ

ಚಾರ್ಲ್ಸ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ರಾಬರ್ಟ್ ಡಾರ್ವಿನ್ ಆ ಸೀಮೆಗೆಲ್ಲ ಹೆಸರಾದ ವೈದ್ಯರು. ಆರಡಿ ಮೀರಿದ ಎತ್ತರ, ಅದಕ್ಕೆ ತಕ್ಕ ಭಾರಿ ಗಾತ್ರ. ಎದುರಿಗೆ ಬಂದು ಕೂತವರ ಸ್ವಭಾವವನ್ನೂ ಮನಸ್ಸಿನಲ್ಲಿರುವ ಮಾತನ್ನೂ ಸ್ವಲ್ಪ ಹೊತ್ತಿನಲ್ಲೇ ಗ್ರಹಿಸುವ ಶಕ್ತಿ ಅವರಿಗಿತ್ತೆಂದು ಮಗ ಮುಂದೆ ಬರೆದುಕೊಂಡಿದ್ದಾನೆ. ತಾಯಿ ಸುಸಾನಾ 1817ರಲ್ಲಿ ತೀರಿಕೊಂಡಾಗ ಚಾರ್ಲ್ಸ್‌ಗೆ ಎಂಟು ವರ್ಷ. ತಾಯಿಯ ನೆನಪು ಅವನಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಅವನನ್ನು ನೋಡಿಕೊಂಡವರು ಅಕ್ಕಂದಿರು.

ಊರಿನ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಗ್ರೀಕ್ ಮತ್ತು ಲ್ಯಾಟಿನ್. ಹುಡುಗನಿಗೆ ಎರಡೂ ಹಿಡಿಸಲಿಲ್ಲ. ಬಾಯಿಪಾಠ ಮಾಡಿದ ಪದ್ಯಗಳು ಎರಡು ದಿನದಲ್ಲಿ ಮರೆತುಹೋಗುತ್ತಿದ್ದವು. ಅವನಿಗೆ ಇಷ್ಟವಾದದ್ದು ಹುಳು ಹುಪ್ಪಟೆ, ಹಕ್ಕಿ, ಕಲ್ಲು, ಬೇಟೆ. ಅಣ್ಣನ ಜೊತೆ ಸೇರಿ ಮನೆಯ ತೋಟದ ಕೋಣೆಯೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗ ಮಾಡುತ್ತಿದ್ದ. ಅದಕ್ಕಾಗಿ ಸಹಪಾಠಿಗಳು ಅವನನ್ನು ಗ್ಯಾಸ್ ಎಂದು ಹಾಸ್ಯ ಮಾಡಿದರು. ಮುಖ್ಯೋಪಾಧ್ಯಾಯರು ಇಂಥ ಕೆಲಸಕ್ಕೆ ಬಾರದ ವಿಷಯಗಳಲ್ಲಿ ಹೊತ್ತು ಕಳೆಯುತ್ತಾನೆಂದು ಎಲ್ಲರೆದುರು ಗದರಿಸಿದರು. ತಂದೆಯೂ ಒಮ್ಮೆ ಸಿಟ್ಟಿನಲ್ಲಿ, ನಾಯಿ, ಬೇಟೆ, ಇಲಿ ಹಿಡಿಯುವುದು ಬಿಟ್ಟರೆ ನಿನಗೆ ಬೇರೇನೂ ಬೇಡ, ಮನೆತನಕ್ಕೆ ನೀನು ಕೆಟ್ಟ ಹೆಸರು ತರುತ್ತೀ ಎಂಬರ್ಥದ ಮಾತಾಡಿದರು. ಆ ಮಾತು ಚಾರ್ಲ್ಸ್ ಮನಸ್ಸಿನಲ್ಲಿ ಮುಪ್ಪಿನವರೆಗೂ ಉಳಿಯಿತು.

1825ರಲ್ಲಿ, ಹದಿನಾರನೆಯ ವಯಸ್ಸಿಗೆ, ಅವನನ್ನು ವೈದ್ಯಕೀಯ ಓದಲು ಎಡಿನ್‌ಬರೋಗೆ ಕಳಿಸಿದರು. ಆಗ ಅರಿವಳಿಕೆ ಇರಲಿಲ್ಲ. ರೋಗಿಯನ್ನು ಎಚ್ಚರವಿದ್ದಂತೆಯೇ ಗಟ್ಟಿಯಾಗಿ ಹಿಡಿದುಕೊಂಡು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಚಾರ್ಲ್ಸ್ ಅಂಥ ಎರಡು ಶಸ್ತ್ರಚಿಕಿತ್ಸೆಗಳನ್ನು ನೋಡಲು ಹೋದ. ಎರಡರಲ್ಲಿ ಒಂದು ಮಗುವಿನ ಮೇಲೆ ನಡೆಯುತ್ತಿತ್ತು. ಎರಡನ್ನೂ ಕೊನೆಯವರೆಗೆ ನೋಡಲಾರದೆ ಹೊರಗೆ ಓಡಿಬಂದ. ಆ ದೃಶ್ಯಗಳು ಅವನನ್ನು ವರ್ಷಗಟ್ಟಲೆ ಕಾಡಿದವು. ವೈದ್ಯನಾಗುವುದು ತನ್ನಿಂದಾಗದು ಎಂದು ಅವನಿಗೆ ಖಚಿತವಾಯಿತು. ಆದರೆ ಅದೇ ಊರಿನಲ್ಲಿ ಒಂದು ಒಳ್ಳೆಯ ಕಲಿಕೆಯೂ ನಡೆಯಿತು. ಹಿಂದೆ ಗುಲಾಮರಾಗಿದ್ದು ಬಿಡುಗಡೆ ಪಡೆದಿದ್ದ ಜಾನ್ ಎಡ್ಮನ್‌ಸ್ಟನ್ ಎಂಬ ಕರಿಯ ಜನಾಂಗದವರೊಬ್ಬರಿಂದ, ಸತ್ತ ಹಕ್ಕಿಗಳ ಚರ್ಮ ತುಂಬಿ ಕಾಪಾಡುವ ವಿದ್ಯೆಯನ್ನು ಹಣ ಕೊಟ್ಟು ಕಲಿತ. ಅವರ ಜೊತೆ ಗಂಟೆಗಟ್ಟಲೆ ಕೂತು ಮಾತಾಡುತ್ತಿದ್ದ. ಜಾಣ, ಸೌಜನ್ಯದ ಮನುಷ್ಯನೆಂಬ ಭಾವನೆ ಅವರ ಬಗ್ಗೆ ಬೆಳೆಯಿತು. ಮುಂದೆ ನಡೆಯಲಿದ್ದುದನ್ನು ನೋಡಿದರೆ ಈ ಸ್ನೇಹ ಸಣ್ಣದಲ್ಲ.

ವೈದ್ಯಕೀಯ ಬಿಟ್ಟ ಮಗನನ್ನು ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಸೇರಿಸಿದರು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹೆನ್ಸ್‌ಲೋ ಈ ಹುಡುಗನಲ್ಲಿ ಬೇರೆಯವರು ಕಾಣದ್ದನ್ನು ಕಂಡರು. 1831ರಲ್ಲಿ ಬೀಗಲ್ ಎಂಬ ಹಡಗು ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ಮಾಡಲು ಹೊರಟಾಗ ಅದರಲ್ಲಿ ಹೋಗಲು ಚಾರ್ಲ್ಸ್ ಹೆಸರನ್ನು ಸೂಚಿಸಿದವರು ಅವರೇ. ತಂದೆ ಮೊದಲು ಒಪ್ಪಲಿಲ್ಲ. ಸೋದರಮಾವ ಜೋಸಾಯಾ ವೆಜ್‌ವುಡ್ ನಡುವೆ ಬಂದು ಒಪ್ಪಿಸಿದರು.

ಇನ್ನೊಂದು ಅಡ್ಡಿ ವಿಚಿತ್ರವಾಗಿತ್ತು. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಅವರಿಗೆ ಮುಖಲಕ್ಷಣ ಶಾಸ್ತ್ರದಲ್ಲಿ ನಂಬಿಕೆ. ಚಾರ್ಲ್ಸ್‌ನ ಮೂಗಿನ ಆಕಾರ ನೋಡಿ, ಇಂಥ ಮೂಗಿನವನಿಗೆ ಇಷ್ಟು ದೀರ್ಘ ಯಾನಕ್ಕೆ ಬೇಕಾದ ಹುರುಪು, ಗಟ್ಟಿತನ ಇರಲಾರದು ಎಂದು ಅನುಮಾನಿಸಿದರಂತೆ. ಕೊನೆಗೆ ಹೇಗೋ ಒಪ್ಪಿದರು. ಮೂಗು ಸುಳ್ಳು ಹೇಳಿತ್ತೆಂದು ಆಮೇಲೆ ಅವರಿಗೇ ಮನವರಿಕೆಯಾಯಿತು. ಮುಖದ ಎಲುಬು, ಮೂಗು, ಹಣೆ ನೋಡಿ ಮನುಷ್ಯನನ್ನು ಅಳೆಯುವುದು ಹುರುಳಿಲ್ಲದ ಶಾಸ್ತ್ರ. ಆದರೆ ಮುಖದ ಚಲನೆಯಲ್ಲಿ ಆ ಕ್ಷಣದ ಮನಸ್ಸು ಕಾಣುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಜಗತ್ತಿಗೆ ತಿಳಿಸಿಕೊಡುವ ಕೆಲಸ ಆ ಮೂಗಿನ ಹುಡುಗನ ಪಾಲಿಗೆ ಬಂತು.

ದೋಣಿಯಲ್ಲಿ ಕಂಡ ಮುಖ

1831ರ ಡಿಸೆಂಬರ್ 27ರಂದು ಬೀಗಲ್ ಹೊರಟಿತು. ಡಾರ್ವಿನ್ ಅವರಿಗೆ ಆಗ ಇಪ್ಪತ್ತೆರಡು ವರ್ಷ. ಮುಂದಿನ ವರ್ಷ ಬ್ರೆಜಿಲ್ ದೇಶ ತಲುಪಿದಾಗ ಅವರು ಗುಲಾಮಗಿರಿಯನ್ನು ಕಣ್ಣಾರೆ ಕಂಡರು. ಡಾರ್ವಿನ್ ಮನೆತನ ಮತ್ತು ವೆಜ್‌ವುಡ್ ಮನೆತನ ಎರಡೂ ಗುಲಾಮಗಿರಿಯ ವಿರೋಧಿಗಳು. ಹಡಗಿನಲ್ಲಿ ಇದೇ ವಿಷಯಕ್ಕೆ ಕ್ಯಾಪ್ಟನ್ ಜೊತೆ ಜಗಳವೂ ಆಯಿತು. ಒಬ್ಬ ಧಣಿ ತನ್ನ ಗುಲಾಮರನ್ನು ಕರೆಸಿ, ಬಿಡುಗಡೆ ಬೇಕೇ ಎಂದು ಕೇಳಿದಾಗ ಎಲ್ಲರೂ ಬೇಡ ಎಂದರೆಂದು ಫಿಟ್ಜ್‌ರಾಯ್ ಹೇಳಿದರು. ಧಣಿಯ ಎದುರು ನಿಂತು ಕೊಟ್ಟ ಉತ್ತರಕ್ಕೆ ಏನು ಬೆಲೆ ಎಂದು ಡಾರ್ವಿನ್ ತಿರುಗಿ ಕೇಳಿದರು. ಕ್ಯಾಪ್ಟನ್ ಕೆರಳಿದರು. ಡಾರ್ವಿನ್ ಅವರ ಯಾನ ಅಲ್ಲಿಗೇ ಮುಗಿಯಿತೇನೋ ಎನ್ನುವಂತಾಗಿ, ಕೆಲವು ಗಂಟೆಗಳ ನಂತರ ಫಿಟ್ಜ್‌ರಾಯ್ ಅವರೇ ಕ್ಷಮೆ ಕೇಳಿ ರಾಜಿಯಾದರು.

ಬ್ರೆಜಿಲ್‌ನ ಒಂದು ಹೊಳೆ ದಾಟುವಾಗ ನಡೆದ ಘಟನೆ ಚಿಕ್ಕದು. ದೋಣಿಯಲ್ಲಿ ಒಬ್ಬ ಕಟ್ಟುಮಸ್ತಾದ ಗುಲಾಮ ಇದ್ದ. ಅವನಿಗೆ ಏನೋ ತಿಳಿಸಬೇಕಿತ್ತು, ಭಾಷೆ ಬಾರದು. ಡಾರ್ವಿನ್ ಜೋರಾಗಿ ಮಾತಾಡುತ್ತ ಕೈಸನ್ನೆ ಮಾಡಿದರು. ಕೈ ಅವನ ಮುಖದ ಹತ್ತಿರ ಹಾದುಹೋಯಿತು. ಹೊಡೆಯಲು ಬಂದರೆಂದೇ ಆ ಮನುಷ್ಯ ತಿಳಿದ. ಮುಖದಲ್ಲಿ ಭಯ ತುಂಬಿತು, ಕಣ್ಣು ಅರೆ ಮುಚ್ಚಿದವು. ಹೊಡೆತ ತಡೆಯಲು ಕೈ ಎತ್ತುವ ಬದಲು ಎರಡೂ ಕೈಗಳನ್ನು ಕೆಳಗೆ ಇಳಿಬಿಟ್ಟು ನಿಂತ. ತಡೆಯುವುದೂ ತಪ್ಪು ಎಂದು ಅವನಿಗೆ ಯಾರೋ ಹೊಡೆದು ಹೊಡೆದು ಕಲಿಸಿದ್ದರು. ಡಾರ್ವಿನ್ ಅವರಿಗೆ ಆದದ್ದು ಆಶ್ಚರ್ಯ, ಅಸಹ್ಯ, ನಾಚಿಕೆ. ಆ ಭಾವನೆಯನ್ನು ತಾವು ಎಂದೂ ಮರೆಯಲಾರೆ ಎಂದು ತಮ್ಮ ಪ್ರವಾಸ ಗ್ರಂಥದಲ್ಲಿ ದಾಖಲಿಸಿದರು.

ಭಯ ಮುಖದ ಮೇಲೆ ಮೂಡಲು ಭಾಷೆ ಬೇಕಾಗಿರಲಿಲ್ಲ. ಅದನ್ನು ಓದಲು ಡಾರ್ವಿನ್ ಅವರಿಗೂ ಭಾಷೆ ಬೇಕಾಗಲಿಲ್ಲ. ಇಬ್ಬರ ನಡುವೆ ಒಂದೇ ಒಂದು ಪದವೂ ಅರ್ಥವಾಗದಿದ್ದರೂ ಆ ಒಂದು ನೋಟ ಪೂರ್ತಿ ಅರ್ಥವಾಗಿತ್ತು.

ಯಾನದ ಮುಂದಿನ ಭಾಗದಲ್ಲಿ, ದಕ್ಷಿಣ ಅಮೆರಿಕದ ತುದಿಯಲ್ಲಿರುವ ತಿಯೆರಾ ಡೆಲ್ ಫ್ಯೂಗೋ ದ್ವೀಪಗಳ ಜನರನ್ನು ಕಂಡರು. ಹಡಗಿನವರು ಕೆಮ್ಮಿದರೆ ಅವರೂ ಕೆಮ್ಮುವರು, ಆಕಳಿಸಿದರೆ ಅವರೂ ಆಕಳಿಸುವರು, ಮುಖ ಸೊಟ್ಟ ಮಾಡಿದರೆ ಅದನ್ನೂ ಅಣಕಿಸುವರು. ಆ ಕಾಲದ ಯುರೋಪಿನವರಂತೆ ಡಾರ್ವಿನ್ ಕೂಡ ಆ ಜನರ ಬಗ್ಗೆ ಒರಟಾದ ಮಾತುಗಳನ್ನು ಬರೆದಿದ್ದಾರೆ. ಆದರೂ ಹಡಗಿನಲ್ಲಿ ಜೊತೆಗೆ ಬಂದಿದ್ದ, ಇಂಗ್ಲೆಂಡಿನಲ್ಲಿ ಸ್ವಲ್ಪ ಕಾಲ ಇದ್ದ ಅದೇ ನಾಡಿನ ಮೂವರ ಮನಸ್ಸು ಎಷ್ಟೊಂದು ವಿಷಯಗಳಲ್ಲಿ ತಮ್ಮ ಮನಸ್ಸಿನಂತೆಯೇ ಇದೆ ಎಂಬುದು ಅವರ ಗಮನಕ್ಕೆ ಬಾರದಿರಲಿಲ್ಲ.

ತೊಟ್ಟಿಲಿನಿಂದ ಮೃಗಾಲಯದವರೆಗೆ

1836ರ ಅಕ್ಟೋಬರ್ 2ರಂದು ಬೀಗಲ್ ಇಂಗ್ಲೆಂಡಿಗೆ ಮರಳಿತು. ಜೀವಿಗಳು ಬದಲಾಗುತ್ತ ಬಂದಿವೆ, ಎಲ್ಲಕ್ಕೂ ಒಂದೇ ಮೂಲವಿದೆ ಎಂಬ ವಿಚಾರ ಡಾರ್ವಿನ್ ಮನಸ್ಸಿನಲ್ಲಿ ಬಲವಾಗತೊಡಗಿತು. ದೇಹಕ್ಕೆ ಈ ಮಾತು ಸಲ್ಲುವುದಾದರೆ ಮನಸ್ಸಿಗೂ ಸಲ್ಲಬೇಕಲ್ಲವೇ? 1838ರಲ್ಲಿ ಅವರು ಮನಸ್ಸು ಮತ್ತು ಭಾವನೆಗಳ ವಿಷಯಕ್ಕೆಂದೇ ಬೇರೆ ಟಿಪ್ಪಣಿ ಪುಸ್ತಕ ತೆರೆದರು. ಅದೇ ವರ್ಷ ಲಂಡನ್ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ನೋಡಿದರು. ಕಾವಲುಗಾರ ಸೇಬು ತೋರಿಸಿ ಕೊಡದೆ ಹೋದಾಗ ಅದು ಹಟಮಾರಿ ಮಗುವಿನಂತೆ ಬೆನ್ನ ಮೇಲೆ ಬಿದ್ದು ಕಾಲು ಝಾಡಿಸಿ ಅತ್ತಿತಂತೆ.

1839ರ ಜನವರಿಯಲ್ಲಿ ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ವರ್ಷದ ಕೊನೆಗೆ ಮೊದಲ ಮಗ ವಿಲಿಯಂ ಹುಟ್ಟಿದ. ತೊಟ್ಟಿಲ ಪಕ್ಕದಲ್ಲಿ ತಂದೆ ಪೆನ್ನು ಪುಸ್ತಕ ಹಿಡಿದು ನಿಂತರು. ಮಗು ಮೊದಲು ಎಂದು ನಕ್ಕಿತು, ಎಂದು ಹುಬ್ಬು ಗಂಟಿಕ್ಕಿತು, ಯಾವುದಕ್ಕೆ ಬೆಚ್ಚಿತು ಎಂದೆಲ್ಲ ದಿನ ಲೆಕ್ಕ ಹಾಕಿ ಬರೆದರು. ಮಗುವಿಗೆ ನಾಲ್ಕೂವರೆ ತಿಂಗಳಾದಾಗ ಅದರ ಹತ್ತಿರ ವಿಚಿತ್ರವಾದ ಗೊರಕೆಯ ಸದ್ದು ಮಾಡಿದರು. ಬೇರೆ ಸದ್ದುಗಳಿಗೆ ನಗುತ್ತಿದ್ದ ಮಗು ಇದಕ್ಕೆ ಗಂಭೀರವಾಗಿ, ಆಮೇಲೆ ಜೋರಾಗಿ ಅತ್ತುಬಿಟ್ಟಿತು. ಎರಡು ವರ್ಷ ದಾಟಿದ ಮೇಲೆ ಅದೇ ಮಗು ಮೃಗಾಲಯದಲ್ಲಿ ಹಿಂದೆಂದೂ ಕಾಣದ ದೊಡ್ಡ ಪ್ರಾಣಿಗಳನ್ನು ಕಂಡು ಹೆದರಿತು. ಯಾರೂ ಕಲಿಸದ ಭಯ ಮಗುವಿನಲ್ಲಿ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಈ ಟಿಪ್ಪಣಿಗಳನ್ನು ಅವರು ಅಚ್ಚಿಗೆ ಕೊಟ್ಟದ್ದು 1877ರಲ್ಲಿ.

ಆ ಕಾಲದಲ್ಲಿ ಮುಖದ ಬಗ್ಗೆ ಹೆಸರಾದ ಗ್ರಂಥ ಬರೆದವರು ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯರು. ಮನುಷ್ಯನ ಮುಖದ ಕೆಲವು ಸ್ನಾಯುಗಳನ್ನು ದೇವರು ಭಾವನೆ ತೋರಿಸುವುದಕ್ಕೆಂದೇ ಕೊಟ್ಟಿದ್ದಾನೆ ಎಂಬುದು ಅವರ ಅಭಿಪ್ರಾಯ. ಡಾರ್ವಿನ್ ಆ ಗ್ರಂಥವನ್ನು ಮೆಚ್ಚಿ ಓದಿದರು, ಆದರೆ ಈ ಮಾತನ್ನು ಒಪ್ಪಲಿಲ್ಲ. ಕೋತಿಗೂ ಅಂಥವೇ ಸ್ನಾಯುಗಳಿರುವಾಗ ಅವು ಮನುಷ್ಯನಿಗೇ ಮೀಸಲು ಎನ್ನುವುದು ಹೇಗೆ?

1842ರಲ್ಲಿ ಸಂಸಾರ ಡೌನ್ ಎಂಬ ಹಳ್ಳಿಗೆ ಹೋಯಿತು. ಅಷ್ಟರಲ್ಲೇ ಡಾರ್ವಿನ್ ಅವರ ಆರೋಗ್ಯ ಕೆಟ್ಟಿತ್ತು. ಹೊಟ್ಟೆನೋವು, ವಾಂತಿ, ಎದೆ ಡವಗುಟ್ಟುವುದು, ತಲೆಸುತ್ತು ಇವು ಸಾಯುವವರೆಗೂ ಬಿಡಲಿಲ್ಲ. ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡಲು ಆಗುತ್ತಿತ್ತು. 1851ರ ಏಪ್ರಿಲ್‌ನಲ್ಲಿ ಹತ್ತು ವರ್ಷದ ಮುದ್ದಿನ ಮಗಳು ಆ್ಯನಿ ತೀರಿಕೊಂಡಳು. ಕಾಯಿಲೆಯ ಕೊನೆಯ ದಿನಗಳಲ್ಲಿ ಅವಳ ಮುಖವನ್ನೇ ನೋಡುತ್ತ ಪಕ್ಕದಲ್ಲಿ ಕೂತಿದ್ದ ತಂದೆ ಆ ದುಃಖದಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

1858ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಅವರಿಂದ ಪತ್ರ ಬಂತು. ತಾವು ಇಪ್ಪತ್ತು ವರ್ಷದಿಂದ ಕಟ್ಟುತ್ತಿದ್ದ ವಾದವನ್ನೇ ಅವರೂ ಕಂಡುಕೊಂಡಿದ್ದರು. ಮರುವರ್ಷ, 1859ರ ನವೆಂಬರ್ 24ರಂದು ಜೀವಜಾತಿಗಳ ಉಗಮ ಕುರಿತ ಡಾರ್ವಿನ್ ಅವರ ಗ್ರಂಥ ಹೊರಬಂತು. ಅದರಲ್ಲಿ ಮನುಷ್ಯನ ಬಗ್ಗೆ ಅವರು ಹೆಚ್ಚೇನೂ ಹೇಳಲಿಲ್ಲ. ಆ ಬಾಕಿ ತೀರಿಸಲು ಮತ್ತೆ ಹನ್ನೆರಡು ಹದಿಮೂರು ವರ್ಷ ಹಿಡಿಯಿತು.

ಕೆನರಾ ಜಿಲ್ಲೆಗೂ ಬಂದ ಪ್ರಶ್ನೆ

ಭಯ ಎಲ್ಲ ದೇಶದವರ ಮುಖದಲ್ಲೂ ಒಂದೇ ರೀತಿ ಕಾಣುತ್ತದೆಯೇ? ಡೌನ್ ಹಳ್ಳಿಯಲ್ಲಿ ಕೂತ ರೋಗಿಗೆ ಜಗತ್ತು ಸುತ್ತುವ ಶಕ್ತಿ ಇರಲಿಲ್ಲ. ಅವರ ಬಳಿ ಇದ್ದದ್ದು ಅಂಚೆ. 1867ರ ಸುಮಾರಿಗೆ ಹದಿನಾರು ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಆಸ್ಟ್ರೇಲಿಯಾ, ಆಫ್ರಿಕಾ, ಮಲಯ, ಚೀನಾ, ಅಮೆರಿಕ, ಭಾರತ ಹೀಗೆ ಎಲ್ಲೆಡೆಗೆ ಕಳಿಸಿದರು. ಬೆರಗಾದಾಗ ಕಣ್ಣು ಬಾಯಿ ಅಗಲವಾಗಿ ಹುಬ್ಬು ಮೇಲೇರುತ್ತವೆಯೇ, ತೀವ್ರ ಭಯ ಯುರೋಪಿನವರಲ್ಲಿ ಕಾಣುವಂತೆಯೇ ಕಾಣುತ್ತದೆಯೇ, ಹೌದು ಎನ್ನಲು ತಲೆ ಮೇಲೆ ಕೆಳಗೆ ಆಡಿಸುತ್ತಾರೆಯೇ ಎಂಬಂಥ ಪ್ರಶ್ನೆಗಳು. ಜೊತೆಗೆ ಒಂದು ಎಚ್ಚರಿಕೆ: ನೆನಪಿನಿಂದ ಬರೆಯಬೇಡಿ, ನೆನಪು ಮೋಸ ಮಾಡುತ್ತದೆ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಇದು ಇಂದಿಗೂ ವಿಜ್ಞಾನದ ವಿದ್ಯಾರ್ಥಿಗಳು ಗೋಡೆಗೆ ಬರೆದಿಟ್ಟುಕೊಳ್ಳಬಹುದಾದ ಪಾಠ.

ಮೂವತ್ತಾರು ಉತ್ತರಗಳು ಬಂದವು. ಭಾರತದಿಂದ ಉತ್ತರಿಸಿದವರಲ್ಲಿ ಕಲ್ಕತ್ತಾ ಸಸ್ಯೋದ್ಯಾನದ ಸ್ಕಾಟ್ ಮತ್ತು ಮುಂಬಯಿ ಪ್ರಾಂತ್ಯದ ಅಹಮದ್‌ನಗರ ಜಿಲ್ಲೆಯಲ್ಲಿದ್ದ ಎರ್ಸ್ಕಿನ್ ಎಂಬವರು ಇದ್ದರು. ನಮಗೆ ವಿಶೇಷವಾಗಿ ಹೆಮ್ಮೆಯ ಸಂಗತಿಯೆಂದರೆ, ಎರ್ಸ್ಕಿನ್ ಅವರು ಕೆನರಾದ ನ್ಯಾಯಾಧೀಶರಾಗಿದ್ದ ವೆಸ್ಟ್ ಅವರಿಂದಲೂ ಮಾಹಿತಿ ಪಡೆದು ಕಳಿಸಿದರು. ಡಾರ್ವಿನ್ ತಮ್ಮ ಗ್ರಂಥದ ಪೀಠಿಕೆಯಲ್ಲೇ ಇದನ್ನು ನೆನೆದಿದ್ದಾರೆ. ಹೀಗೆ ನಮ್ಮ ಕರಾವಳಿಯ ಕೆನರಾದ ಹೆಸರು ಡಾರ್ವಿನ್ ಗ್ರಂಥದ ಮೊದಲ ಪುಟಗಳಲ್ಲಿ ಸೇರಿತು.

ಅದೇ ಪೀಠಿಕೆಯಲ್ಲಿ ಇನ್ನೊಂದು ಮಾತಿದೆ. ಎರ್ಸ್ಕಿನ್ ಅವರಿಗೆ ಅಹಮದ್‌ನಗರದ ಜನರ ಮುಖ ಓದುವುದು ಬಹಳ ಕಷ್ಟವಾಯಿತಂತೆ. ಬಿಳಿಯರ ಎದುರು ಆ ಜನ ತಮ್ಮ ಭಾವನೆಗಳನ್ನೆಲ್ಲ ಅಡಗಿಸಿಕೊಳ್ಳುತ್ತಿದ್ದರು. ಬ್ರೆಜಿಲ್‌ನ ದೋಣಿಯವನು ಕೈ ಕೆಳಗಿಟ್ಟ, ಇಲ್ಲಿನವನು ಮುಖವನ್ನೇ ಮುಚ್ಚಿಟ್ಟ. ಅಧಿಕಾರದ ಎದುರು ನಿಂತವರ ಮುಖದಲ್ಲಿ ಭಯ ಕಾಣದಿದ್ದರೆ ಭಯ ಇಲ್ಲವೆಂದು ಅರ್ಥವಲ್ಲ.

ವಿದ್ಯುತ್ತು, ಛಾಯಾಚಿತ್ರ ಮತ್ತು ಹಾವು

ಪ್ಯಾರಿಸ್ ನಗರದಲ್ಲಿ ಡುಷೆನ್ ಎಂಬ ವೈದ್ಯರು ಒಬ್ಬ ಮುದುಕನ ಮುಖದ ಸ್ನಾಯುಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ, ಒಂದೊಂದು ಸ್ನಾಯು ಕುಗ್ಗಿದಾಗ ಯಾವ ಭಾವ ಮೂಡುತ್ತದೆ ಎಂದು ಛಾಯಾಚಿತ್ರ ತೆಗೆದಿದ್ದರು. ಅವರ ಗ್ರಂಥ ಬಂದದ್ದು 1862ರಲ್ಲಿ. ಆ ಮುದುಕನ ಮುಖದ ಚರ್ಮಕ್ಕೆ ಸ್ಪರ್ಶಜ್ಞಾನ ಕಡಿಮೆಯಿದ್ದುದರಿಂದ ನೋವು ತಿಳಿಯುತ್ತಿರಲಿಲ್ಲ. ಅಂದರೆ ಮುಖದಲ್ಲಿ ಭಯವಿದೆ, ಮನಸ್ಸಿನಲ್ಲಿ ಇಲ್ಲ! ಡಾರ್ವಿನ್ ಆ ಚಿತ್ರಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ, ಏನೂ ವಿವರಿಸದೆ, ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತೋರಿಸಿ, ಈ ಮುದುಕನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. ಕೆಲವು ಚಿತ್ರಗಳನ್ನು ಹೆಚ್ಚಿನವರು ಥಟ್ಟನೆ ಗುರುತಿಸಿದರು. ಕೆಲವಕ್ಕೆ ತಲೆಗೊಂದು ಉತ್ತರ ಬಂತು. ಮುಖದ ಚಿತ್ರ ತೋರಿಸಿ ಭಾವ ಕೇಳುವ ಈ ವಿಧಾನವನ್ನೇ ಮಿದುಳು ವಿಜ್ಞಾನಿಗಳು ಇವತ್ತೂ ಬಳಸುತ್ತಾರೆ.

ತಮ್ಮ ಮೇಲೂ ಪ್ರಯೋಗ ಮಾಡಿಕೊಂಡರು. ಲಂಡನ್ ಮೃಗಾಲಯದಲ್ಲಿ ಆಫ್ರಿಕಾದ ವಿಷದ ಮಂಡಲದ ಹಾವೊಂದನ್ನು ದಪ್ಪ ಗಾಜಿನ ಹಿಂದೆ ಇಟ್ಟಿದ್ದರು. ಹಾವು ಎಗರಿದರೂ ಹಿಂದೆ ಸರಿಯುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಗಾಜಿಗೆ ಮುಖ ಒತ್ತಿ ನಿಂತರು. ಹಾವು ಎಗರಿತು. ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದರು! ಗಾಜಿದೆ, ಅಪಾಯವಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ಬುದ್ಧಿ ಮಾತಾಡುವ ಮೊದಲೇ ದೇಹ ಉತ್ತರ ಕೊಟ್ಟುಬಿಟ್ಟಿತ್ತು.

ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತ ಅವರ ಗ್ರಂಥ 1872ರ ನವೆಂಬರ್‌ನಲ್ಲಿ ಬಂತು. ಮೊದಲ ದಿನವೇ ಐದು ಸಾವಿರಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಛಾಯಾಚಿತ್ರಗಳನ್ನು ಅಚ್ಚು ಹಾಕಿದ ಮೊದಮೊದಲ ವಿಜ್ಞಾನ ಗ್ರಂಥಗಳಲ್ಲಿ ಅದೂ ಒಂದು. ಅದರಲ್ಲಿ ಭಯದ ವರ್ಣನೆ ವೈದ್ಯರ ವರದಿಯಷ್ಟು ನಿಖರವಾಗಿದೆ. ಕಣ್ಣು ಬಾಯಿ ಅಗಲವಾಗುತ್ತವೆ, ಹುಬ್ಬು ಏರುತ್ತವೆ, ಮೊದಲು ಮನುಷ್ಯ ಕಲ್ಲಿನಂತೆ ನಿಲ್ಲುತ್ತಾನೆ, ಎದೆ ಬಡಿದುಕೊಳ್ಳುತ್ತದೆ, ಮುಖ ಬಿಳಿಚುತ್ತದೆ, ತಣ್ಣನೆಯ ಬೆವರು ಒಡೆಯುತ್ತದೆ, ರೋಮ ನಿಮಿರುತ್ತದೆ, ಬಾಯಿ ಒಣಗುತ್ತದೆ, ದನಿ ಅಡಗುತ್ತದೆ. ಅಪಾಯ ಎಲ್ಲಿದೆ ಎಂದು ಬೇಗ ನೋಡುವುದಕ್ಕೆ ಕಣ್ಣು ಅಗಲವಾಗುವ ಅಭ್ಯಾಸ ಹುಟ್ಟಿತು ಎಂಬುದು ಅವರ ವಿವರಣೆ. ಕಲಿತ ಅಭ್ಯಾಸ ಮುಂದಿನ ಪೀಳಿಗೆಗೆ ಹುಟ್ಟಿನಿಂದಲೇ ಹರಿದುಬರುತ್ತದೆ ಎಂದು ಅವರು ಆಗ ನಂಬಿದ್ದರು. ಈ ಮಾತನ್ನು ಇಂದಿನ ಜೀವಶಾಸ್ತ್ರ ಒಪ್ಪುವುದಿಲ್ಲ. ಆದರೆ ಅಗಲವಾದ ಕಣ್ಣಿನ ಉಪಯೋಗದ ಬಗ್ಗೆ ಅವರ ಊಹೆ ಹುಸಿಯಾಗಲಿಲ್ಲ. 2008ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ, ಭಯದ ಮುಖ ಮಾಡಿದವರ ದೃಷ್ಟಿಯ ವಿಸ್ತಾರ ಹೆಚ್ಚಿತ್ತು, ಕಣ್ಣು ಬೇಗ ಹೊರಳುತ್ತಿತ್ತು, ಮೂಗಿನಿಂದ ಒಳಗೆ ಹೋಗುವ ಗಾಳಿಯೂ ಹೆಚ್ಚಿತ್ತು.

ಮಿದುಳಿನೊಳಗಿನ ಬಾದಾಮಿ

ಡಾರ್ವಿನ್ ಕಾಣಲಾಗದ್ದು ತಲೆಬುರುಡೆಯ ಒಳಗೆ ನಡೆಯುವ ಕೆಲಸ. ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಆಳದಲ್ಲಿ ಬಾದಾಮಿಯಂಥ ಒಂದೊಂದು ಗಂಟಿದೆ. ಅದರ ಹೆಸರು ಅಮಿಗ್ಡಲಾ. ಗ್ರೀಕ್ ಭಾಷೆಯಲ್ಲಿ ಬಾದಾಮಿ ಎಂದೇ ಅರ್ಥ. ಎದುರಿನವರ ಮುಖ ನಮ್ಮ ಕಣ್ಣಿಗೆ ಬಿದ್ದಾಗ ಸುದ್ದಿ ಥಾಲಮಸ್ ಎಂಬ ಠಾಣೆಯ ಮೂಲಕ ತಲೆಯ ಹಿಂಭಾಗದ ದೃಷ್ಟಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಮುಖಗಳನ್ನು ಗುರುತಿಸುವ ಭಾಗಕ್ಕೂ, ಮುಂದೆ ಅಮಿಗ್ಡಲಾಕ್ಕೂ ತಲುಪುತ್ತದೆ. ಇದಲ್ಲದೆ ದೃಷ್ಟಿ ಕೇಂದ್ರಕ್ಕೆ ಹೋಗದೆಯೇ ಅಮಿಗ್ಡಲಾ ಸೇರುವ ಒಂದು ಒಳದಾರಿಯೂ ಇದೆಯೆಂದು ಹಲವರ ವಾದ. ಮನುಷ್ಯರಲ್ಲಿ ಆ ದಾರಿ ಎಷ್ಟು ಕೆಲಸ ಮಾಡುತ್ತದೆ ಎಂಬ ಚರ್ಚೆ ಇನ್ನೂ ನಡೆದಿದೆ. ಅಮಿಗ್ಡಲಾ ಎಚ್ಚೆತ್ತರೆ ಹೈಪೋಥಾಲಮಸ್ ಮತ್ತು ಮಿದುಳಿನ ಬುಡಕ್ಕೆ ಕರೆ ಹೋಗುತ್ತದೆ, ಅಡ್ರಿನಲ್ ಗ್ರಂಥಿ ಕೆಲಸ ಶುರುಮಾಡುತ್ತದೆ, ಎದೆ ಬಡಿತ ಏರುತ್ತದೆ. ಗಾಜಿನ ಮುಂದೆ ಡಾರ್ವಿನ್ ಅವರಿಗೆ ಆದದ್ದೂ ಇದೇ.

1996ರಲ್ಲಿ ಲಂಡನ್ ವಿಜ್ಞಾನಿಗಳು ಮಿದುಳಿನ ಸ್ಕ್ಯಾನ್ ಮಾಡಿ, ನಗುವ ಮುಖಕ್ಕಿಂತ ಭಯದ ಮುಖ ಕಂಡಾಗ ಅಮಿಗ್ಡಲಾ ಹೆಚ್ಚು ಚುರುಕಾಗುವುದನ್ನು ತೋರಿಸಿದರು. 2004ರಲ್ಲಿ ಇನ್ನೊಂದು ತಂಡ ಮುಖವನ್ನೇ ತೆಗೆದು ಬರೀ ಕಣ್ಣಿನ ಬಿಳಿ ಭಾಗವನ್ನು ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲಿನಷ್ಟು ಹೊತ್ತು ತೋರಿಸಿತು. ನೋಡಿದವರಿಗೆ ಏನು ಕಂಡೆವೆಂಬ ಅರಿವೇ ಇರಲಿಲ್ಲ. ಆದರೂ ಭಯದಿಂದ ಅಗಲವಾದ ಕಣ್ಣಿಗೆ ಅಮಿಗ್ಡಲಾ ಹೆಚ್ಚು ಸ್ಪಂದಿಸಿತು.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಅಮೆರಿಕದ ಒಬ್ಬ ಮಹಿಳೆ. ಅಪರೂಪದ ಕಾಯಿಲೆಯಿಂದ ಅವರ ಎರಡೂ ಬದಿಯ ಅಮಿಗ್ಡಲಾ ಹಾಳಾಗಿತ್ತು. ಅವರು ಪರಿಚಿತರ ಮುಖ ಗುರುತಿಸಬಲ್ಲರು, ನಗುವನ್ನು ಗುರುತಿಸಬಲ್ಲರು, ಆದರೆ ಮುಖದ ಮೇಲಿನ ಭಯವನ್ನು ಗುರುತಿಸಲಾರರು ಎಂದು 1994ರಲ್ಲಿ ತಿಳಿದುಬಂತು. ಹನ್ನೊಂದು ವರ್ಷದ ನಂತರ ಅದರ ಕಾರಣ ಸಿಕ್ಕಿತು. ಅವರು ಮುಖ ನೋಡುವಾಗ ಕಣ್ಣನ್ನು ನೋಡುತ್ತಲೇ ಇರಲಿಲ್ಲ! ಕಣ್ಣುಗಳನ್ನು ನೋಡಿ ಎಂದು ಬಾಯಿಬಿಟ್ಟು ಹೇಳಿದಾಗ ಭಯವನ್ನು ಉಳಿದವರಂತೆಯೇ ಗುರುತಿಸಿದರು. ಹೇಳುವುದನ್ನು ನಿಲ್ಲಿಸಿದರೆ ಮತ್ತೆ ಮೊದಲಿನಂತೆ. ಅಂದರೆ ಭಯವನ್ನು ಓದುವುದಕ್ಕೆ ಮೊದಲು ನಮ್ಮ ಗಮನ ಎದುರಿನವರ ಕಣ್ಣಿಗೆ ಹೋಗಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಅಮಿಗ್ಡಲಾ ನೆರವಾಗುತ್ತದೆ.

ಎಲ್ಲ ನಾಡುಗಳಲ್ಲೂ ಭಯದ ಮುಖ ಒಂದೇ ಎಂಬ ಡಾರ್ವಿನ್ ಮಾತಿಗೆ ನಂತರ ಬೆಂಬಲವೂ ಬಂದಿದೆ, ತಿದ್ದುಪಡಿಯೂ ಬಂದಿದೆ. 1960ರ ದಶಕದ ಕೊನೆಯಲ್ಲಿ ನ್ಯೂಗಿನಿಯ ಬೆಟ್ಟದ ಜನರಿಗೆ ಚಿತ್ರ ತೋರಿಸಿದಾಗ ಹೆಚ್ಚಿನ ಭಾವಗಳನ್ನು ಅವರು ಗುರುತಿಸಿದರು, ಆದರೆ ಭಯ ಮತ್ತು ಬೆರಗಿನ ನಡುವೆ ಗೊಂದಲವಾಯಿತು. ಮುಖದ ಜೊತೆಗೆ ಸಂದರ್ಭವನ್ನೂ ನೋಡಬೇಕು ಎಂದು ಇಂದಿನ ಅನೇಕರು ಹೇಳುತ್ತಾರೆ. ಮುದುಕನ ಚಿತ್ರಗಳನ್ನು ತೋರಿಸುವಾಗಲೇ ಡಾರ್ವಿನ್ ಅವರಿಗೂ ಈ ಕಷ್ಟದ ಅರಿವಾಗಿತ್ತು.

ಅವರು ಬಿಟ್ಟುಹೋದ ಪಾಠ

ಚಾರ್ಲ್ಸ್ ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್ 19ರಂದು, ಡೌನ್ ಹಳ್ಳಿಯ ತಮ್ಮ ಮನೆಯಲ್ಲಿ. ಅವರಿಗೆ ಎಪ್ಪತ್ತಮೂರು ವರ್ಷವಾಗಿತ್ತು. ಊರಿನ ಚರ್ಚಿನ ಅಂಗಳದಲ್ಲಿ ಮಣ್ಣಾಗುವುದು ಅವರ ಆಸೆಯಾಗಿದ್ದರೂ, ದೇಶ ಅವರನ್ನು ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಸಮಾಧಿಯ ಸಮೀಪದಲ್ಲಿ ಇರಿಸಿ ಗೌರವಿಸಿತು. ಶಾಲೆಯಲ್ಲಿ ದಡ್ಡನೆನಿಸಿಕೊಂಡ, ಎಲ್ಲರೆದುರು ಬೈಸಿಕೊಂಡ ಹುಡುಗನಿಗೆ ಸಂದ ಗೌರವ ಅದು.

ಶಾಲೆಗಳಿಗೆ ಅವರ ಬದುಕು ಎರಡು ರೀತಿಯಲ್ಲಿ ಮುಖ್ಯ. ಮೊದಲನೆಯದು ಎಲ್ಲರೂ ಹೇಳುವ ಮಾತು: ಅಂಕ ಕಡಿಮೆ ಬಂದ ಮಗುವಿನ ಒಳಗೂ ಒಬ್ಬ ಡಾರ್ವಿನ್ ಇರಬಹುದು. ಎರಡನೆಯದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ತೀವ್ರ ಭಯದಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗ, ಅಂದರೆ ಯೋಚಿಸಿ ಉತ್ತರ ಹೊಂದಿಸುವ ಭಾಗ, ಸರಿಯಾಗಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಸರಾಗವಾಗಿ ಮಗ್ಗಿ ಹೇಳಿದ ಹುಡುಗಿ ಕರಿಹಲಗೆಯ ಮುಂದೆ ನಿಂತು ತಡವರಿಸುವುದು ಸೋಮಾರಿತನದಿಂದಲ್ಲ. ಗದರಿದಷ್ಟೂ ಅವಳಿಗೆ ಗೊತ್ತಿದ್ದದ್ದೂ ದೂರ ಹೋಗುತ್ತದೆ. ಕೊನೆಯ ಬೆಂಚಿನಲ್ಲಿ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತ ಹುಡುಗನಿಗೆ ಭಯವಿಲ್ಲ ಎಂದುಕೊಳ್ಳುವುದೂ ತಪ್ಪು. ಅಹಮದ್‌ನಗರದ ಜನರಂತೆ ಅವನೂ ಅದನ್ನು ಅಡಗಿಸಿಟ್ಟಿರಬಹುದು.

ದೋಣಿಯಲ್ಲಿ ಡಾರ್ವಿನ್ ಎತ್ತಿದ ಕೈ ಹೊಡೆಯುವ ಕೈಯಾಗಿರಲಿಲ್ಲ. ಆದರೆ ಎದುರಿನವನಿಗೆ ಅದು ಹಾಗೆ ಕಂಡಿತು. ಅವನ ತಪ್ಪು ತಿಳುವಳಿಕೆ ಎಂದು ಡಾರ್ವಿನ್ ಅವನನ್ನು ದೂರಲಿಲ್ಲ, ತಾವೇ ನಾಚಿಕೊಂಡರು. ಆ ನಾಚಿಕೆ ಇದ್ದುದರಿಂದಲೇ ಅವರು ಮನುಷ್ಯರ ಮುಖವನ್ನು ಅಷ್ಟು ಗೌರವದಿಂದ ಓದಬಲ್ಲವರಾದರು ಎಂದು ನನಗನಿಸುತ್ತದೆ. ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಬೆಂಚುಗಳ ಮೇಲೆ ಸಾವಿರಾರು ಮುಖಗಳು ಕೂತು ಎದ್ದು ಹೋಗಿವೆ. ಇನ್ನು ಮುಂದೆ ಬರುವ ಮಕ್ಕಳ ಕಣ್ಣನ್ನು ನೋಡಿ ಪಾಠ ಶುರುಮಾಡುವ ಶಿಕ್ಷಕರೂ, ಪಕ್ಕದ ಗೆಳೆಯನ ಕಣ್ಣಿನ ಅಂಜಿಕೆ ಕಂಡು ನಗದೆ ಹೆಗಲ ಮೇಲೆ ಕೈಯಿಡುವ ವಿದ್ಯಾರ್ಥಿಗಳೂ ಈ ಶಾಲೆಯಲ್ಲಿ ಹೆಚ್ಚಲಿ.